ತಂಡ ಸೋಲುತ್ತಿದ್ದರೂ ಕೋಚ್ ಪರ ನಿಲ್ಲಬೇಕಾ?

ನೀವು ಕೇಳಿದ್ದು ಇಷ್ಟು: "ನನ್ನ ಫುಟ್‌ಬಾಲ್ ತಂಡ ಮೇಲಿಂದ ಮೇಲೆ ಸೋಲುತ್ತಿದೆ. ಗೆಳೆಯರಲ್ಲಿ ಅರ್ಧ ಜನ ಕೋಚ್‌ನ ತೆಗೆಯಲಿ ಅನ್ನುತ್ತಾರೆ, ಅರ್ಧ ಜನ ಟೈಮ್ ಕೊಡಬೇಕು ಅನ್ನುತ್ತಾರೆ. ಅಭಿಮಾನಿ ಎಲ್ಲಿಯವರೆಗೆ ಬೆಂಬಲಿಸಬೇಕು? ಸ್ಟೇಡಿಯಂನಲ್ಲಿ ಕೋಚ್ ವಿರುದ್ಧ ಕೂಗಿದರೆ ತಪ್ಪಾ?"

ನಿಮ್ಮ ತಂಡ ಯಾವುದು ಅಂತ ನೀವು ಬರೆದಿಲ್ಲ. ಹಾಗಾಗಿ ನನ್ನ ತಂಡದ ಕಥೆಯಿಂದಲೇ ಉತ್ತರ ಕೊಡುತ್ತೇನೆ. ನಾನಿರುವುದು ಗೋವಾದ ವಾಸ್ಕೋದಲ್ಲಿ. ಅಪ್ಪ ಬಾಗಲಕೋಟೆ ಕಡೆಯಿಂದ ಇಲ್ಲಿನ ಬಂದರಿನ ಕೆಲಸಕ್ಕೆ ಬಂದವರು, ನಾನು ಹುಟ್ಟಿ ಬೆಳೆದದ್ದು ಇಲ್ಲೇ. 2014ರಲ್ಲಿ ಎಫ್‌ಸಿ ಗೋವಾ ಶುರುವಾದ ದಿನದಿಂದ ಅದೇ ನನ್ನ ತಂಡ. ಊರಲ್ಲಿರುವ ಅಣ್ಣ-ತಮ್ಮಂದಿರೆಲ್ಲ ಬೆಂಗಳೂರು ಎಫ್‌ಸಿ ಕಡೆ.

2024ರ ಏಪ್ರಿಲ್ 24, ನಮ್ಮ ತಂಡದ ಮೈದಾನ ಫಾತೋರ್ಡಾ ಸ್ಟೇಡಿಯಂ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದು, ಎದುರಿಗೆ ಮುಂಬೈ ಸಿಟಿ. ಬೋರಿಸ್ ಸಿಂಗ್ ಒಂದು, ಬ್ರ್ಯಾಂಡನ್ ಫರ್ನಾಂಡಿಸ್ ಒಂದು ಗೋಲು ಹೊಡೆದು 2-0 ಆಗಿತ್ತು. 90ನೇ ನಿಮಿಷದವರೆಗೂ ಅಷ್ಟೇ ಇತ್ತು. ನಮ್ಮ ಸ್ಟ್ಯಾಂಡ್‌ನಲ್ಲಿ ಜನ ಆಗಲೇ ಹಾಡಲು ಶುರು ಮಾಡಿದ್ದರು. ಆಮೇಲೆ ಮುಂಬೈನ ಛಾಂಗ್ಟೆ ಒಂದು ಹೊಡೆದ, ಮರು ನಿಮಿಷವೇ ವಿಕ್ರಂ ಪ್ರತಾಪ್ ಒಂದು, ಇನ್ನೇನು ಸೀಟಿ ಊದಬೇಕು ಅನ್ನುವಾಗ ಮತ್ತೆ ಛಾಂಗ್ಟೆ. 2-3. ಹಾಡು ಅರ್ಧಕ್ಕೇ ನಿಂತುಹೋಯಿತು. ಇದೇ ಮೈದಾನದಲ್ಲಿ 2015ರ ಫೈನಲ್‌ನಲ್ಲೂ ಹೀಗೇ ಆಗಿತ್ತು. ಚೆನ್ನೈಯಿನ್ ವಿರುದ್ಧ 2-1 ಮುಂದಿದ್ದೆವು, ಕೊನೆಯ ನಿಮಿಷಗಳಲ್ಲಿ 2-3 ಆಗಿ ಕಪ್ ಕೈ ತಪ್ಪಿತ್ತು.

ಆ ರಾತ್ರಿ ಐದು ಜನ ಓಮ್ನಿಯಲ್ಲಿ ವಾಸ್ಕೋಗೆ ವಾಪಸ್ಸಾಗುತ್ತಿದ್ದೆವು. ವೆರ್ಣಾ ಹತ್ತಿರ ಒಂದು ತಿಂಡಿ ಗಾಡಿಯಲ್ಲಿ ರೋಸ್ ಆಮ್ಲೆಟ್, ಅಂದರೆ ಮಸಾಲೆ ರಸ ಸುರಿದ ಆಮ್ಲೆಟ್, ಹೇಳಿದೆವು. ಪ್ಲೇಟ್ ಬಂತು. ಪಾವ್ ಮುರಿಯಲು ಯಾರಿಗೂ ಕೈ ಬರಲಿಲ್ಲ. ರಸದ ಮೇಲೆ ಎಣ್ಣೆ ಕೆನೆಗಟ್ಟುವುದನ್ನು ಸುಮ್ನೆ ನೋಡುತ್ತ ಕೂತಿದ್ದೆ. ಆಮೇಲೆ ನಾನೇ ಬಾಯಿ ಬಿಟ್ಟೆ. "ಇವರನ್ನ ನಾಳೆನೇ ಕಳಿಸಬೇಕು" ಅಂದೆ. ಕೋಚ್ ಮನೋಲೊ ಮಾರ್ಕೆಜ್ ಬಗ್ಗೆ.

ಜೊತೆಯಲ್ಲಿ ನಮ್ಮ ಓಣಿಯ ಕಾಕಾ ಇದ್ದರು. ಗದಗ ಕಡೆಯವರು, ಗೋವಾದ ಹಳೇ ಕ್ಲಬ್‌ಗಳಾದ ಡೆಂಪೊ, ಸಾಲ್ಗಾಂವ್ಕರ್ ಪಂದ್ಯಗಳನ್ನು ನೋಡಿಯೇ ತಲೆ ಬೆಳ್ಳಗಾದವರು. "ತಮ್ಮಾ, ಮೂರು ಗೋಲ್ ಬಿಟ್ಟದ್ದು ಕೊನೀ ಹತ್ತು ನಿಮಿಷದಾಗ. ಅದಕ್ಕ ಬೈಯಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕಿಂತ ಮೊದಲ ತೊಂಬತ್ತು ನಿಮಿಷ ಮುಂಬೈನ ಹಂಗ ಕಟ್ಟಿ ಹಾಕಿದಾಂವ ಯಾರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂಬೈನಲ್ಲಿ ನಡೆದ ಎರಡನೇ ಪಂದ್ಯವನ್ನೂ ಸೋತು ಹೊರಬಿದ್ದೆವು. ಮಾರ್ಕೆಜ್ ಉಳಿದರು. ಅದೇ ವರ್ಷ ಅವರು ಭಾರತ ತಂಡದ ಕೋಚ್ ಕೂಡ ಆದರು. ಎರಡು ದೋಣಿ ಮೇಲೆ ಕಾಲಿಟ್ಟರೆ ಹೇಗೆ ಅಂತ ಮತ್ತೆ ಜಗಳ. ಈ ಆಕ್ಷೇಪ ನನಗೆ ಈಗಲೂ ಸರಿ ಅನ್ನಿಸುತ್ತದೆ. ಭಾರತ ತಂಡಕ್ಕೆ ಅವರಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಗೋವಾ ಮಾತ್ರ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಸೆಮಿಫೈನಲ್‌ನಲ್ಲಿ ಮತ್ತೆ ಕೊನೆಯ ಗಳಿಗೆಯ ಏಟು, ಈ ಸಲ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ತಲೆಯಿಂದ. ಊರಿನಿಂದ ಬಂದ ಫೋನ್ ಯಾವುದನ್ನೂ ನಾನು ಎತ್ತಲಿಲ್ಲ. ಆದರೆ 2025ರ ಮೇ 3ರಂದು ಭುವನೇಶ್ವರದಲ್ಲಿ ಜಮ್ಶೆಡ್‌ಪುರವನ್ನು 3-0ಯಿಂದ ಸೋಲಿಸಿ ಸೂಪರ್ ಕಪ್ ಗೆದ್ದೆವು. ವೆರ್ಣಾದ ಆ ರಾತ್ರಿ ನನ್ನ ಮಾತು ನಡೆದಿದ್ದರೆ ಈ ಕಪ್‌ಗೆ ಬೇರೆ ಯಾರೋ ಕೋಚ್ ಇರುತ್ತಿದ್ದರು. ಅವರೂ ಗೆಲ್ಲುತ್ತಿದ್ದರಾ? ಅದನ್ನು ಯಾರು ಹೇಳಬಲ್ಲರು.

ಇಷ್ಟು ಹೇಳಿದ ಮೇಲೆ "ಹಾಗಾದರೆ ಯಾವಾಗಲೂ ತಾಳ್ಮೆ ಇರಬೇಕು" ಅಂತ ನೀವು ಅಂದುಕೊಳ್ಳಬಹುದು. ಅದನ್ನು ನಾನು ಒಪ್ಪುವುದಿಲ್ಲ. ಈ ಚರ್ಚೆ ಎಲ್ಲಿ ನಡೆದರೂ ಯಾರಾದರೊಬ್ಬರು ಅಲೆಕ್ಸ್ ಫರ್ಗ್ಯುಸನ್ ಹೆಸರು ತೆಗೆಯುತ್ತಾರೆ. 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು, 1989ರಲ್ಲಿ ಅಭಿಮಾನಿಗಳೇ ಹೋಗಿ ಅಂದರು, 1990ರಲ್ಲಿ ಎಫ್‌ಎ ಕಪ್, 1993ರಲ್ಲಿ ಲೀಗ್, ಆಮೇಲಿನದು ಜಗತ್ತಿಗೇ ಗೊತ್ತು. ಎಲ್ಲ ನಿಜ. ಆದರೆ ಟೈಮ್ ಸಿಕ್ಕಿಯೂ ಏನೂ ಆಗದೆ ಹೋದವರ ಹೆಸರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಅಲ್ವಾ? ನಮಗೆ ಕೋಚ್ ಆಗಿ ಜೀಕೊ ಇದ್ದರು. ಬ್ರೆಜಿಲ್‌ನ ಹೆಸರಾಂತ ಆಟಗಾರ ಜೀಕೊ! ಮೊದಲ ವರ್ಷ ಸೆಮಿಫೈನಲ್, ಎರಡನೇ ವರ್ಷ ಫೈನಲ್. ಮೂರನೇ ವರ್ಷ, 2016ರಲ್ಲಿ, ಎಂಟು ತಂಡಗಳಲ್ಲಿ ಎಂಟನೆಯವರು. ಅವರ ಮೇಲಿನ ಪ್ರೀತಿಗೆ ನಾವು ಕಣ್ಣಿದ್ದೂ ಕುರುಡರಾಗಿದ್ದೆವು. ಕಾರ್ಲೋಸ್ ಪೆನ್ಯಾ ವಿಷಯದಲ್ಲೂ ಹೀಗೇ ಆಯಿತು. ಆಟಗಾರನಾಗಿ ನಮಗಾಗಿ ಬೆವರು ಸುರಿಸಿದವರು ಕೋಚ್ ಆಗಿ ಬಂದರು ಅಂತ ಖುಷಿಪಟ್ಟೆವು, ಆ ವರ್ಷ ಏಳನೇ ಸ್ಥಾನ, ಪ್ಲೇಆಫ್ ಕೂಡ ಇಲ್ಲ.

ತೆಗೆದ ಮೇಲೆ ಆಗುವುದೇನು ಅನ್ನುವುದನ್ನೂ ನೋಡಿ. ಇಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ಜ್ವರ ಮೂರನೇ ದಿನಕ್ಕೆ ತಾನಾಗಿ ಇಳಿಯುವುದಿತ್ತು ಅಂದುಕೊಳ್ಳಿ. ಎರಡನೇ ದಿನ ರಾತ್ರಿ ಡಾಕ್ಟರ್ ಬದಲಾಯಿಸಿದರೆ, ಹೊಸ ಡಾಕ್ಟರ್ ಕೈಗುಣ ಅನ್ನುತ್ತೇವೆ. ಕೋಚ್‌ಗಳನ್ನು ತೆಗೆಯುವುದು ಸಾಮಾನ್ಯವಾಗಿ ತಂಡ ತೀರಾ ಕೆಳಗೆ ಬಿದ್ದಾಗ. ಅಲ್ಲಿಂದ ಯಾರು ಬಂದರೂ ಸ್ವಲ್ಪ ಮೇಲೇಳುವುದೇ ಸಹಜ.

ನಮ್ಮಲ್ಲಿ ಆಗಿದ್ದು ಇದಕ್ಕೆ ಉಲ್ಟಾ. ಸರ್ಜಿಯೋ ಲೊಬೆರಾ 2017ರಲ್ಲಿ ಬಂದು ತಂಡದ ಆಟವನ್ನೇ ಬದಲಿಸಿದರು. ಚೆಂಡು ನಮ್ಮ ಕಾಲಲ್ಲೇ ಇರಬೇಕು, ಗೋಲ್‌ಕೀಪರ್‌ನಿಂದಲೇ ಆಟ ಕಟ್ಟಬೇಕು. ಅವರ ಕೈಕೆಳಗೆ ನಮ್ಮ ಸ್ಟ್ರೈಕರ್ ಕೋರೋ ಎರಡು ವರ್ಷ ಸಾಲಾಗಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದರು. ಅಂಥ ಕೋಚ್‌ನ 2020ರ ಜನವರಿ ಕೊನೆಗೆ ಕಳಿಸಿದರು. ಆಗ ತಂಡ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿತ್ತು, ಲೀಗ್‌ನಲ್ಲಿ ಉಳಿದಿದ್ದು ಮೂರೇ ಪಂದ್ಯ. ನಮ್ಮ ಗೋವಾದವರೇ ಆದ ಕ್ಲಿಫರ್ಡ್ ಮಿರಾಂಡಾ ತಂಡವನ್ನು ನಡೆಸಿದರು. 4-1, 5-2, 5-0. ಮೂರು ಪಂದ್ಯಕ್ಕೆ 14 ಗೋಲು! ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್ ನಮ್ಮದಾಯಿತು, ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಆದೆವು. ಕ್ಲಿಫರ್ಡ್‌ಗೆ ಆ ಗೌರವ ಸಲ್ಲಲೇಬೇಕು. ಆದರೆ ಆ ಮೂರು ಪಂದ್ಯದಲ್ಲಿ ಆಡಿದ ಆಟ ಮೂರು ವರ್ಷದಿಂದ ಆಟಗಾರರ ಕಾಲಿಗೆ ಹತ್ತಿದ್ದ ಆಟ.

ಲೊಬೆರಾ ಸೀದಾ ಮುಂಬೈ ಸಿಟಿಗೆ ಹೋದರು. ಅವರ ಹಿಂದೆ ನಮ್ಮ ಆಟಗಾರರಾದ ಫಾಲ್, ಜಾಹು, ಬೂಮೂ, ನಮ್ಮ ಮಂದಾರ್ ಕೂಡ ಹೋದರು. ಅದು ಕೋವಿಡ್ ವರ್ಷ, ಇಡೀ ಐಎಸ್‌ಎಲ್ ಗೋವಾದಲ್ಲೇ ನಡೆಯಿತು, ಒಬ್ಬ ಪ್ರೇಕ್ಷಕನೂ ಇಲ್ಲದೆ. ನಮ್ಮ ತಾರಸಿ ಮೇಲೆ ನಿಂತರೆ ತಿಲಕ್ ಮೈದಾನದ ದೀಪಗಳು ಕಾಣುತ್ತಿದ್ದವು. ಒಳಗೆ ಪಂದ್ಯ, ಹೊರಗೆ ನಾವು. ಸೆಮಿಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ನಮ್ಮನ್ನು ಸೋಲಿಸಿದ್ದು ಮುಂಬೈ. 2021ರ ಮಾರ್ಚ್ 13ರಂದು ಫಾತೋರ್ಡಾದಲ್ಲೇ ಲೊಬೆರಾ ಕಪ್ ಎತ್ತಿದರು. ನಮ್ಮ ಮನೆ ಅಂಗಳದಲ್ಲಿ, ಬೇರೆಯವರ ಕಪ್. ಟಿವಿ ಆಫ್ ಮಾಡಿ ತುಂಬಾ ಹೊತ್ತು ತಾರಸಿಯಲ್ಲಿ ಕೂತಿದ್ದೆ.

ಹಾಗಾಗಿ ನಾನು ಈಗ ನೋಡುವುದೇ ಬೇರೆ. ಸೋತ ಪಂದ್ಯದಲ್ಲಿ 75ನೇ ನಿಮಿಷ ದಾಟಿದ ಮೇಲೆ ಆಟಗಾರರು ಚೆಂಡು ಕಳೆದುಕೊಂಡಾಗ ವಾಪಸ್ ಓಡುತ್ತಾರಾ? ಇದು ಮೊದಲನೆಯದು, ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಕೋಚ್ ಮೇಲೆ ನಂಬಿಕೆ ಹೋದ ತಂಡ ಮೊದಲು ಆ ಓಟ ನಿಲ್ಲಿಸುತ್ತದೆ. ಒಂದೇ ಥರದ ಗೋಲನ್ನು, ಉದಾಹರಣೆಗೆ ಕಾರ್ನರ್‌ನಿಂದ, ತಿಂಗಳುಗಟ್ಟಲೆ ಬಿಟ್ಟುಕೊಡುತ್ತಿದ್ದರೆ ಪ್ರಾಕ್ಟೀಸ್‌ನಲ್ಲಿ ಏನೋ ನಡೆಯುತ್ತಿಲ್ಲ ಅಂತ ಅರ್ಥ. ಹುಡುಗರು ಬೆಳೆಯುತ್ತಿದ್ದಾರಾ ನೋಡಿ. ಆಟಗಾರರನ್ನು ಆರಿಸಿದವರು ಯಾರು ಅಂತಲೂ ಕೇಳಿ. ಕ್ಲಬ್ ಒಳ್ಳೆ ಸ್ಟ್ರೈಕರ್‌ನ ಮಾರಿ ಬದಲಿಗೆ ಯಾರನ್ನೂ ತರದಿದ್ದರೆ ಆ ಸಿಟ್ಟು ಕೋಚ್ ಮೇಲೆ ಹೋಗಬಾರದು. ಮೇಲೆ ಕೂತವರಿಗೆ ಕೋಚ್‌ನ ತೆಗೆಯುವುದು ಸುಲಭದ ದಾರಿ. ನಾವು ಕೂಗಿ ಕೂಗಿ ಅದನ್ನು ಇನ್ನೂ ಸುಲಭ ಮಾಡಿಕೊಡುತ್ತೇವೆ.

ಕಾಕಾ ಯಾವಾಗಲೂ ಡೆಂಪೊ ಕೋಚ್ ಆಗಿದ್ದ ಅರ್ಮಾಂಡೊ ಕೊಲಾಸೊ ಹೆಸರು ಹೇಳುತ್ತಾರೆ. ಡೆಂಪೊ ಅವರನ್ನು ಹತ್ತು ವರ್ಷಕ್ಕೂ ಜಾಸ್ತಿ ಇಟ್ಟುಕೊಂಡಿತು, ಐದು ಸಲ ದೇಶದ ಚಾಂಪಿಯನ್ ಆಯಿತು. ಆದರೆ ಅಲ್ಲಿ ತಾಳ್ಮೆ ಕ್ಲಬ್‌ಗೂ ಇತ್ತು, ಅಭಿಮಾನಿಗಳಿಗೆ ಮಾತ್ರ ಅಲ್ಲ.

ಕೂಗುವುದರ ಬಗ್ಗೆ ಕೇಳಿದಿರಲ್ಲ. ಪಂದ್ಯ ನಡೆಯುವಾಗ ಬೇಡ. ಆ ಕೂಗು ಕೋಚ್‌ಗಿಂತ ಮೊದಲು ಮುಟ್ಟುವುದು ಚೆಂಡು ಕಾಲಲ್ಲಿರುವ ಇಪ್ಪತ್ತು ವರ್ಷದ ಹುಡುಗನಿಗೆ. ಅವನು ಹೆದರಿ ಹಿಂದಕ್ಕೆ ಪಾಸ್ ಕೊಡುವುದನ್ನು ನಾನು ಫಾತೋರ್ಡಾದಲ್ಲಿ ನನ್ನ ಕಣ್ಣಾರೆ ಕಂಡಿದ್ದೇನೆ. ಕೊನೆಯ ಸೀಟಿ ಊದಿದ ಮೇಲೆ ಕೂಗಿ, ಬ್ಯಾನರ್ ಹಿಡಿಯಿರಿ, ಕ್ಲಬ್‌ಗೆ ಪತ್ರ ಬರೆಯಿರಿ. ಟಿಕೆಟ್ ಕೊಂಡವರಿಗೆ ಆ ಹಕ್ಕು ಪೂರ್ತಿ ಇದೆ. ಅದಕ್ಕೂ ಮೊದಲು ನಿಮ್ಮ ತಂಡ ಕೊನೆಯದಾಗಿ ಸೋತ ನಾಲ್ಕು ಪಂದ್ಯಗಳ ಕೊನೆಯ ಹದಿನೈದು ನಿಮಿಷವನ್ನು ಇನ್ನೊಂದು ಸಲ ನೋಡಿ. ಚೆಂಡು ಹೋದಾಗ ಯಾರು ಓಡುತ್ತಾರೆ, ಯಾರು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾರೆ ಅಂತ ಲೆಕ್ಕ ಹಾಕಿ ಇಲ್ಲಿ ಬರೆಯಿರಿ. ತಂಡದ ಹೆಸರನ್ನೂ ಹೇಳಿ, ಕೂತು ಮಾತಾಡೋಣ.