ಕೊಡಗಿನಲ್ಲಿ ಹಳೆಯ ಮಾದರಿಯ ಹೋಲ್‌ಗಳಿರುವ ಗಾಲ್ಫ್ ಕೋರ್ಸ್ ಕಟ್ಟಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ವಿರಾಜಪೇಟೆ ಕಡೆ ಕುಟುಂಬದ 60 ಎಕರೆ ಜಾಗವಿದೆ. ಅರ್ಧದಷ್ಟು ಹುಲ್ಲು ಬೆಳೆದ ಬಾಣೆ (ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗ), ಉಳಿದದ್ದು ರೋಬಸ್ಟಾ ಕಾಫಿ ತೋಟ, ನಡುವೆ ಒಂದು ಗದ್ದೆ ಬಯಲು. ಅಲ್ಲಿ 9 ಹೋಲ್‌ಗಳ ಕೋರ್ಸ್ ಮಾಡಬೇಕು (ಮೊದಲ ಹೊಡೆತದ ಜಾಗವಾದ ಟೀಯಿಂದ, ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಗ್ರೀನ್‌ವರೆಗಿನ ಒಂದೊಂದು ಆಟದ ಪಟ್ಟಿಯೂ ಒಂದು ಹೋಲ್), ಅದರಲ್ಲಿ ರೆಡಾನ್, ಬಿಯಾರಿಟ್ಜ್, ಪಂಚ್‌ಬೌಲ್‌ನಂಥ ಹಳೆಯ ಹೆಸರಾಂತ ಮಾದರಿಗಳಿರಬೇಕು. ಆಗುತ್ತದೆಯೇ?

ಆಗುತ್ತದೆ. ಆದರೆ ಪಂಚ್‌ಬೌಲನ್ನು ಇವತ್ತೇ ಪಟ್ಟಿಯಿಂದ ಹೊಡೆದು ಹಾಕಿ. ಯಾಕೆಂದು ಮೊದಲು ಹೇಳಿಬಿಡುತ್ತೇನೆ.

ನಾನು ಸರ್ವೆ ಕೆಲಸದವನು. ಹೆಚ್ಚಿನ ಕಾಲ ತೋಟಗಳ ಗಡಿ, ಕೆರೆ, ಚರಂಡಿ ಅಳೆದವನು. ನಡುವೆ ಕೆಲವು ವರ್ಷ ಗಾಲ್ಫ್ ಕೋರ್ಸ್ ಕಟ್ಟುವವರ ಜೊತೆ ಮಟ್ಟ ನೋಡುವ ಕೆಲಸ ಮಾಡಿದೆ. ಮಲೆನಾಡಿನ ಒಂದು ಕಡೆ ನಾವು ಪಂಚ್‌ಬೌಲ್ ಗ್ರೀನ್ ಕಟ್ಟಿದೆವು. ಸುತ್ತ ದಿಣ್ಣೆ, ನಡುವೆ ಬಟ್ಟಲು, ಚೆಂಡು ಎಲ್ಲಿ ಬಿದ್ದರೂ ಉರುಳಿ ನಡುವಿಗೆ ಬರಬೇಕು, ಅದೇ ಆ ಮಾದರಿಯ ಸೊಗಸು. ಏಪ್ರಿಲ್‌ನಲ್ಲಿ ನೋಡಿದವರೆಲ್ಲ ಹೊಗಳಿದರು. ಜುಲೈ ಮೂರನೇ ವಾರ ಹೋಗಿ ನೋಡಿದರೆ ಮೊಣಕಾಲುದ್ದ ನೀರು. ಸುತ್ತಲಿನ ದಿಣ್ಣೆಗಳಿಂದ ಇಳಿದ ಕೆಂಪು ಗೋಡು ಮರಳಿನ ಪದರದೊಳಗೆ ಕೂತು, ಕೆಳಗಿನ ಪೈಪು ಇದ್ದೂ ಇಲ್ಲದಂತಾಗಿತ್ತು. ನೀರು ಇಳಿದ ಮೇಲೆ ಹುಲ್ಲು ಕೊಳೆತು ನಾರುತ್ತಿತ್ತು. ಆ ನಕ್ಷೆಯ ಮಟ್ಟಗಳಿಗೆ ಸಹಿ ಹಾಕಿದ್ದು ನಾನೇ. ಎರಡು ವರ್ಷದ ದುಡ್ಡು, ದುಡಿಮೆ ಎರಡೂ ಹೋಯಿತು. ಅಂದಿನಿಂದ ಯಾವ ಹಳೆಯ ಮಾದರಿಯ ಹೆಸರು ಕೇಳಿದರೂ ನನ್ನ ಮೊದಲ ಪ್ರಶ್ನೆ, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು.

ಈ ಮಾದರಿಗಳು ಹುಟ್ಟಿದ ನೆಲ ಎಂಥದ್ದು ಎಂದು ನೋಡಿದರೆ ವಿಷಯ ಅರ್ಧ ತಿಳಿಯುತ್ತದೆ. ಮಗಳ ಮನೆಗೆ ಹೋದಾಗ ಎಡಿನ್‌ಬರೋದಿಂದ ರೈಲು ಹಿಡಿದು ನಾರ್ತ್ ಬೆರ್ವಿಕ್‌ಗೆ ಹೋಗಿದ್ದೆ. ಅಲ್ಲಿನ ವೆಸ್ಟ್ ಲಿಂಕ್ಸ್ ಕೋರ್ಸಿನ 15ನೇ ಹೋಲೇ ಮೂಲ ರೆಡಾನ್. ಹಿಂದಿನ ರಾತ್ರಿ ಮಳೆ ಬಿದ್ದಿತ್ತು, ಬೆಳಿಗ್ಗೆ ನನ್ನ ಬೂಟಿಗೆ ಕೆಸರು ಹತ್ತಲಿಲ್ಲ. ಕಾಲಡಿಯಲ್ಲಿ ಪೂರಾ ಕಡಲ ಮರಳು. ಇಡೀ ವರ್ಷ ಅಲ್ಲಿ ಬೀಳುವ ಮಳೆಗಿಂತ ಮಡಿಕೇರಿಯಲ್ಲಿ ಒಂದು ಜುಲೈ ತಿಂಗಳಲ್ಲಿ ಬೀಳುವುದೇ ಹೆಚ್ಚು. ಅಂಥ ಗಟ್ಟಿ, ಒಣ ನೆಲದಲ್ಲಿ ಚೆಂಡು ಬಿದ್ದ ಮೇಲೂ ಬಹಳ ದೂರ ಓಡುತ್ತದೆ. ಹಳೆಯ ಹೋಲ್‌ಗಳ ಬುದ್ಧಿಯೆಲ್ಲ ಇರುವುದು ಆ ಓಟದಲ್ಲಿ. ನಮ್ಮಲ್ಲಿ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಚೆಂಡು ಬಿದ್ದ ಜಾಗದಲ್ಲೇ ಹೂತುಕೊಳ್ಳುತ್ತದೆ. ಪುತ್ತರಿ ಎಂಬ ಸುಗ್ಗಿ ಹಬ್ಬ ಕಳೆದು ನೆಲ ಬಿಗಿಯಾದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ಮಾತ್ರ ನಿಮಗೆ ಸ್ಕಾಟ್ಲೆಂಡಿನ ಆಟ ಸಿಗುತ್ತದೆ. ಆ ನಾಲ್ಕು ತಿಂಗಳಿಗಾಗಿ ವಿನ್ಯಾಸ ಮಾಡಿ, ಉಳಿದ ಎಂಟು ತಿಂಗಳು ಬದುಕಿ ಉಳಿಯುವಂತೆ ಕಟ್ಟಬೇಕು.

ಹಳೆಯದನ್ನು ಬೇರೆ ನೆಲಕ್ಕೆ ಒಯ್ಯುವ ಕೆಲಸವನ್ನು ದೊಡ್ಡದಾಗಿ ಮೊದಲು ಮಾಡಿದವರು ಅಮೆರಿಕದ ಚಾರ್ಲ್ಸ್ ಬ್ಲೇರ್ ಮೆಕ್‌ಡೊನಾಲ್ಡ್. 1872ರಲ್ಲಿ ಹುಡುಗನಾಗಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಓದಲು ಹೋದವರು ಅಲ್ಲಿ ಆಟ ಕಲಿತರು. ಮುಂದೆ ಬ್ರಿಟನ್ನಿನ ಕೋರ್ಸುಗಳನ್ನು ಸುತ್ತಿ, ಒಳ್ಳೆಯ ಹೋಲ್‌ಗಳ ನಕ್ಷೆ, ಟಿಪ್ಪಣಿ ಕೂಡಿಸಿಕೊಂಡು, ಲಾಂಗ್ ಐಲೆಂಡ್‌ನಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಕಟ್ಟಿದರು. 1911ರಲ್ಲಿ ಅದು ವಿಧಿವತ್ತಾಗಿ ತೆರೆಯಿತು. ಅವರ ಬಲಗೈಯಾಗಿದ್ದ ಸೆತ್ ರೇನರ್ ಎಂಬವರು ಮೂಲತಃ ಸರ್ವೆಯರ್, ಸಿವಿಲ್ ಎಂಜಿನಿಯರ್. ಜಾಗದ ಸರ್ವೆ ಮಾಡಿಕೊಡಲು ಬಂದವರು, ಆಮೇಲೆ ತಾವೇ ಹತ್ತಾರು ಕೋರ್ಸು ಕಟ್ಟಿದರು. ಆಟಗಾರರೆಂದು ಹೆಸರಾದವರಲ್ಲ. ನನ್ನ ಕಸುಬಿನವರು ಎಂಬ ಅಭಿಮಾನ ನನಗೆ ಅವರ ಮೇಲೆ ತುಸು ಹೆಚ್ಚೇ ಇದೆ.

ಮೆಕ್‌ಡೊನಾಲ್ಡ್ ಕಂಡದ್ದನ್ನು ಕಂಡ ಹಾಗೆ ಇಳಿಸಲಿಲ್ಲ, ಅದನ್ನು ಗಮನಿಸಬೇಕು. ನಾರ್ತ್ ಬೆರ್ವಿಕ್‌ನಲ್ಲಿ ಟೀ ಮೇಲೆ ನಿಂತರೆ ಗ್ರೀನ್ ಸರಿಯಾಗಿ ಕಾಣುವುದಿಲ್ಲ, ಮುಂದೆ ಒಂದು ಏರು ಅಡ್ಡ ಬರುತ್ತದೆ. ನ್ಯಾಷನಲ್‌ನ 4ನೇ ಹೋಲ್‌ನಲ್ಲಿ ಅವರು ಆ ಅಡ್ಡವನ್ನು ತೆಗೆದರು, ಎಲ್ಲವೂ ಕಣ್ಣೆದುರು ಬಂತು. ಉಳಿಸಿಕೊಂಡದ್ದು ಒಳಗಿನ ಲೆಕ್ಕವನ್ನು: ಕಿರಿದಾದ ಒಂದು ಮಟ್ಟಸ ದಿಬ್ಬ, ಅದು ಟೀಗೆ ಓರೆಯಾಗಿ ಮಲಗಿರಬೇಕು, ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ ವಾಲಿರಬೇಕು, ಎಡ ಮುಂಭಾಗದಲ್ಲಿ ಆಳದ ಬಂಕರ್, ಅಂದರೆ ಮರಳುಗುಂಡಿ, ಇರಬೇಕು. ಧೈರ್ಯ ಇದ್ದವನು ಬಂಕರಿನ ಮೇಲೆ ನೇರ ಹಾರಿಸುತ್ತಾನೆ. ಜಾಣ ಆಟಗಾರ ಬಲಗಡೆ ಬೀಳಿಸಿ, ಇಳಿಜಾರೇ ಚೆಂಡನ್ನು ಕುಳಿಯ ಹತ್ತಿರ ಒಯ್ಯಲಿ ಎಂದು ಬಿಡುತ್ತಾನೆ. ವಯಸ್ಸಾದವರಿಗೂ, ದೂರ ಹೊಡೆಯಲಾಗದವರಿಗೂ ಇಲ್ಲಿ ದಾರಿ ಇದೆ. ಈ ಹೋಲ್ ನನಗೆ ಇಷ್ಟವಾಗುವುದೇ ಅದಕ್ಕೆ.

ರೆಡಾನ್ ಎಂಬುದು ಕೋಟೆಯ ಶಬ್ದ. ಮುಂದಕ್ಕೆ ಮೂತಿ ಚಾಚಿದ ರಕ್ಷಣಾ ದಿಬ್ಬ. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲಿನಲ್ಲಿ ಬ್ರಿಟಿಷರು ದಾಳಿ ಮಾಡಿದ ರಷ್ಯನ್ನರ ರೆಡಾನ್‌ನಿಂದ ಈ ಹೆಸರು ಬಂತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡಂಗಗಳು. ಹಿಂದಿನವರು ಕಾಳಗಕ್ಕೆಂದು ನಾಡಿನ ಉದ್ದಗಲಕ್ಕೆ ತೋಡಿದ ಆಳದ ಅಗಳು, ಪಕ್ಕದಲ್ಲಿ ಎತ್ತರದ ಮಣ್ಣಿನ ದಂಡೆ. ನಿಮ್ಮ ಜಾಗದಲ್ಲಿ ಕಡಂಗ ಹಾದು ಹೋಗಿದ್ದರೆ ಅದನ್ನು ಬಂಕರ್ ಮಾಡಲು ದಯವಿಟ್ಟು ಹೋಗಬೇಡಿ. ಮಣ್ಣು ಮುಟ್ಟಬೇಡಿ, ಮರಳು ಸುರಿಯಬೇಡಿ. ಅದರ ಆಚೆ ಟೀ, ಈಚೆ ಗ್ರೀನ್ ಇಟ್ಟು, ಚೆಂಡು ಅದರ ಮೇಲೆ ಹಾರಿ ಹೋಗುವಂತೆ ಮಾಡಿದರೆ ಸಾಕು. ದಾಟಲೇಬೇಕಾದ ಅಡ್ಡಿಯನ್ನು ಹಿರಿಯರೇ ತೋಡಿಟ್ಟಿದ್ದಾರೆ.

ರೆಡಾನ್‌ಗೆ ಬೇಕಾದ ದಿಬ್ಬ ನಿಮ್ಮ ಬಾಣೆಯಲ್ಲಿ ಸಿಕ್ಕೀತು ಎಂದೇ ನನ್ನ ಅಂದಾಜು. ಬೆಟ್ಟದ ಮೈಯಿಂದ ಗದ್ದೆ ಕಡೆಗೆ ಇಳಿಯುವ ಏಣುಗಳಿರುತ್ತವಲ್ಲ, ಅವುಗಳಲ್ಲಿ ಒಂದಾದರೂ ಓರೆಯಾಗಿ ಇರುತ್ತದೆ. ವಾಲಿರುವ ಗ್ರೀನ್ ನಮ್ಮ ಮಳೆಗೆ ಒಳ್ಳೆಯದು, ನೀರು ನಿಲ್ಲುವುದಿಲ್ಲ. ಆದರೆ ಓಡುವ ನೀರೆಲ್ಲ ಎಡ ಹಿಂಭಾಗದ ಒಂದೇ ಮೂಲೆಯಲ್ಲಿ ಇಳಿಯುತ್ತದೆ. ಆ ಮೂಲೆಯಿಂದ ಕಲ್ಲು ಕಟ್ಟಿದ ಚರಂಡಿಯಲ್ಲಿ ಅದನ್ನು ಕೊಲ್ಲಿಗೆ (ಬೆಟ್ಟದ ಸಣ್ಣ ತೊರೆಗೆ) ಮುಟ್ಟಿಸದಿದ್ದರೆ ಎರಡನೇ ಮಳೆಗಾಲಕ್ಕೆ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಜಾರುತ್ತದೆ. ದಿಬ್ಬ ಸಿಗದಿದ್ದರೆ ರೆಡಾನ್ ಕೈಬಿಡಿ. ಜೆಸಿಬಿ ತಂದು ಬೆಟ್ಟ ಕೊರೆದು ದಿಬ್ಬ ಮಾಡುವ ಕೆಲಸ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ಇರುವುದಿಲ್ಲ. ನೀರು ಕುಡಿದ ದಿನ ಅದು ಇಳಿದೇ ಇಳಿಯುತ್ತದೆ.

ಗದ್ದೆ ಬಯಲು ಇದೆ ಎಂದಿರಿ. ನಿಮ್ಮ ಜಾಗದ ದೊಡ್ಡ ಆಸ್ತಿ ಅದು, ಮತ್ತು ಅದನ್ನು ಗದ್ದೆಯಾಗಿಯೇ ಬಿಡಬೇಕೆಂಬುದು ನನ್ನ ಗಟ್ಟಿಯಾದ ಮಾತು. ಕೇಪ್ ಎಂಬ ಮಾದರಿ ಇದೆ. ನ್ಯಾಷನಲ್‌ನ 14ನೇ ಹೋಲ್‌ನಲ್ಲಿ ಮೊದಲು ಗ್ರೀನ್ ನೀರಿನೊಳಕ್ಕೆ ಭೂಶಿರದಂತೆ ಚಾಚಿಕೊಂಡಿತ್ತು. ಈಗ ಆ ಹೆಸರು ಹೇಳಿದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಟೀ ಹೊಡೆತ: ನೀರು ಓರೆಯಾಗಿ ಮಲಗಿದೆ, ಎಷ್ಟು ನೀರನ್ನು ಹಾರಿಸಲು ಧೈರ್ಯ ಮಾಡುತ್ತೀರೋ ಅಷ್ಟು ಮುಂದಿನ ಹೊಡೆತ ಗಿಡ್ಡವಾಗುತ್ತದೆ. ನಮ್ಮ ಗದ್ದೆ ಬಯಲಿನ ಅಂಚು ನೋಡಿ, ಕಡಲ ದಂಡೆಯ ಹಾಗೆಯೇ ಒಳಗೆ ಹೊರಗೆ ಬಳುಕುತ್ತದೆ, ಬಾಣೆಯ ಮೂಗುಗಳು ಅದರೊಳಕ್ಕೆ ಚಾಚಿರುತ್ತವೆ. ಜುಲೈಯಲ್ಲಿ ನಾಟಿಯ ನೀರು, ನವೆಂಬರಿನಲ್ಲಿ ಬಂಗಾರದ ತೆನೆ, ಕೊಯ್ಲಾದ ಮೇಲೆ ಕೂಳೆ. ವರ್ಷಕ್ಕೆ ಮೂರು ಬಣ್ಣ ತೊಡುವ ಇಂಥ ಅಡ್ಡಿ ಯಾವ ಸ್ಕಾಟ್ಲೆಂಡಿನಲ್ಲೂ ಇಲ್ಲ. ಚೆಂಡು ಗದ್ದೆಗೆ ಬಿದ್ದರೆ ಹೋಯಿತೆಂದೇ ಲೆಕ್ಕ. ಪೈರು ತುಳಿದು ಹುಡುಕಬಾರದು ಎಂದು ಕೋರ್ಸಿನ ನಿಯಮದಲ್ಲೇ ಬರೆದು ಹಾಕಿ. ಬಯಲಲ್ಲಿ ಆಳುಗಳು ಇರುವ ದಿನ ಆ ಹೋಲ್ ಮುಚ್ಚಿರಲಿ. ಗದ್ದೆ ಮುಚ್ಚಿ ಮಟ್ಟ ಮಾಡಿ ಫೇರ್‌ವೇ (ಟೀಯಿಂದ ಗ್ರೀನಿಗೆ ಹೋಗುವ ಕತ್ತರಿಸಿದ ಹುಲ್ಲಿನ ದಾರಿ) ಮಾಡಿದರೆ ಕೆಳಗಿನವರ ಬಾವಿ ಬತ್ತುತ್ತದೆ, ಮೇಲಿನ ನೀರು ಹೋಗಲು ದಾರಿಯಿಲ್ಲದೆ ನಿಮ್ಮ ಗ್ರೀನಿಗೇ ನುಗ್ಗುತ್ತದೆ.

ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸಿನ 11ನೇ ಹೋಲ್, ಈಡನ್, ನಮ್ಮಲ್ಲಿ ಚೆನ್ನಾಗಿ ಒಗ್ಗುತ್ತದೆ. ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುತ್ತದೆ. ಚೆಂಡು ಮೇಲುಗಡೆ ಬಿದ್ದವನಿಗೆ ಪಟ್ ಮಾಡುವುದೇ, ಅಂದರೆ ಅದನ್ನು ಮೆಲ್ಲಗೆ ಕುಳಿಗೆ ಉರುಳಿಸುವುದೇ, ದೊಡ್ಡ ಪರೀಕ್ಷೆ. ನೀರೂ ತಾನಾಗಿ ಇಳಿದು ಹೋಗುತ್ತದೆ. ಇಳಿಜಾರು ತುಸು ಕಡಿಮೆ ಮಾಡಿ, ಅಷ್ಟೆ. ಬಿಯಾರಿಟ್ಜ್ ಮಾತ್ರ ಯೋಚಿಸಿ ಮಾಡಬೇಕಾದದ್ದು. ಉದ್ದದ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್), ಗ್ರೀನಿನ ನಡುವೆ ಅಡ್ಡಲಾಗಿ ಆಳದ ತಗ್ಗು. 1926ರಲ್ಲಿ ತೆರೆದ ಯೇಲ್ ವಿಶ್ವವಿದ್ಯಾಲಯದ ಕೋರ್ಸಿನ 9ನೇ ಹೋಲ್ ಇದಕ್ಕೆ ಹೆಸರಾದದ್ದು. ಆ ತಗ್ಗಿನ ಎರಡೂ ತುದಿ ತೆರೆದಿದ್ದು, ನಡುವಿನಿಂದ ಎರಡೂ ಕಡೆಗೆ ಇಳಿದಿದ್ದರೆ ಅದು ಚರಂಡಿಯಂತೆ ಕೆಲಸ ಮಾಡುತ್ತದೆ. ಒಂದು ತುದಿ ಮುಚ್ಚಿದರೂ ನಾನು ಮೇಲೆ ಹೇಳಿದ ಬಟ್ಟಲಿನ ಕಥೆಯೇ. ಪ್ರೆಸ್ಟ್‌ವಿಕ್‌ನ 17ನೇ ಹೋಲಾದ ಆಲ್ಪ್ಸ್‌ನ ಹಾಗೆ ಗುಡ್ಡದಾಚೆಗೆ ಕಾಣದೆ ಹೊಡೆಯುವ ಮಾದರಿ ಬೇಡ. ತೋಟದ ಲೈನ್ ಮನೆಗಳಿಂದ ಜನ, ಮಕ್ಕಳು ಓಡಾಡುವ ಕಾಲುದಾರಿಗಳು ನಮ್ಮಲ್ಲಿ ಎಲ್ಲ ಕಡೆ ಇವೆ.

ಬಂಕರುಗಳ ಬಗ್ಗೆ ರೇನರ್ ಅವರಿಂದ ಒಂದು ಪಾಠ ತೆಗೆದುಕೊಳ್ಳಿ. ಈಗಿನ ಫ್ಯಾಷನ್ನಿನಂತೆ ಮರಳನ್ನು ಗೋಡೆಯ ಮೇಲಕ್ಕೆ ಎಳೆದು ಹೊಳೆಯುವಂತೆ ಮಾಡಿದರೆ ಒಂದೇ ರಾತ್ರಿಯ ಮಳೆಗೆ ಮರಳೆಲ್ಲ ತಳದಲ್ಲಿ. ಅವರು ಗೋಡೆಗೆ ಕಡಿದಾದ ಹುಲ್ಲು ಬಿಟ್ಟು, ಮರಳನ್ನು ಸಮತಟ್ಟಾದ ತಳದಲ್ಲಿ ಮಾತ್ರ ಹಾಕುತ್ತಿದ್ದರು. ಕೊಡಗಿಗೆ ಹೇಳಿ ಮಾಡಿಸಿದ ಹಾಗಿದೆ. ಕೆಲವನ್ನು ಮರಳೇ ಇಲ್ಲದ ಹುಲ್ಲುಗುಂಡಿಗಳಾಗಿ ಬಿಡಿ, ಆಟಕ್ಕೆ ಏನೂ ಕೊರತೆಯಿಲ್ಲ.

ಹುಲ್ಲಿನ ಬಗ್ಗೆ ಹೆದರಬೇಡಿ. ಬರ್ಮುಡಾ ಎಂದು ಕರೆಯುವುದು ಬೇರೇನಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆಯ ಜಾತಿಯೇ; ಗ್ರೀನಿಗೆ ಅದರ ಸಣ್ಣ ಎಸಳಿನ ಮಿಶ್ರತಳಿ ಬೇಕು. ಅದಕ್ಕೆ ನೆರಳು ಆಗದು. ಮೋಡ ಕವಿದ ವಾರಗಳಲ್ಲಿ ಹೇಗೂ ಸೊರಗುತ್ತದೆ, ಮೇಲೆ ಸಿಲ್ವರ್ ಓಕಿನ ನೆರಳೂ ಬಿದ್ದರೆ ಪಾಚಿ ಹಿಡಿಯುತ್ತದೆ. ಮರ ಕಡಿಯುವ ಬದಲು, ಬೆಳಗಿನ ಬಿಸಿಲು ಬೀಳುವ ಜಾಗ ಹುಡುಕಿ ಅಲ್ಲಿ ಗ್ರೀನ್ ಇಡಿ. ದೇವರಕಾಡಿನ ಗಡಿ ಹತ್ತಿರವಿದ್ದರೆ ಗೊಬ್ಬರ, ಔಷಧಿಯ ನೀರು ಆ ಕಡೆ ಹರಿಯದಂತೆ ನೋಡಿಕೊಳ್ಳಿ. ಇಲ್ಲಿಂದ ಹರಿಯುವುದೆಲ್ಲ ಕೊನೆಗೆ ಹೊಳೆಗೇ ಸೇರುವುದು.

ಹೊಸ ಕೆರೆ ತೋಡುವ ಮುನ್ನ ಆನೆಯ ವಿಚಾರ ಕೇಳಿಕೊಳ್ಳಿ. ತಿತಿಮತಿ, ಸಿದ್ದಾಪುರ ಕಡೆಯ ತೋಟದವರಿಗೆ ಗೊತ್ತು: ಬೇಸಿಗೆಯಲ್ಲಿ ನೀರು ಇದ್ದಲ್ಲಿಗೆ ಆನೆ ಬರುತ್ತದೆ. ಒದ್ದೆ ಗ್ರೀನಿನ ಮೇಲೆ ಒಂದು ಹಿಂಡು ನಡೆದರೆ ಒಂದು ಅಡಿ ಆಳದ ಗುಂಡಿಗಳು. ಹಂದಿಗಳಂತೂ ಹುಳು ಹುಡುಕಿ ರಾತ್ರೋರಾತ್ರಿ ಫೇರ್‌ವೇ ಉತ್ತು ಹಾಕುತ್ತವೆ. ಆನೆ ದಾರಿ ನಿಮ್ಮ ಜಾಗದಲ್ಲಿದ್ದರೆ ಆ ಪಟ್ಟಿಯಲ್ಲಿ ಏನೂ ಕಟ್ಟದೆ ಬಿಟ್ಟುಬಿಡಿ.

9 ಹೋಲ್ ಎಂಬ ಹಟವೂ ಬೇಡ. ಸೇಂಟ್ ಆಂಡ್ರೂಸ್‌ನಲ್ಲೇ 1764ರವರೆಗೆ ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು, ಆಮೇಲೆ 18 ಆಯಿತು. 1860ರ ಮೊದಲ ಓಪನ್ ಪಂದ್ಯಾವಳಿ ನಡೆದ ಪ್ರೆಸ್ಟ್‌ವಿಕ್‌ನಲ್ಲಿ ಆಗ ಇದ್ದದ್ದು 12 ಹೋಲ್. ಗದ್ದೆ, ಕೊಲ್ಲಿ, ಕಡಿದಾದ ಬರೆ, ಆನೆ ದಾರಿ ಕಳೆದರೆ 60 ಎಕರೆಯಲ್ಲಿ ನಿಮಗೆ 40 ಉಳಿದರೆ ಹೆಚ್ಚು. ಏಳು ಒಳ್ಳೆಯ ಹೋಲ್ ಬಂದರೆ ಏಳೇ ಇರಲಿ.

ಕಾಗದಪತ್ರದ ಕೆಲಸ ಬೇರೆಯೇ ಇದೆ. ಬಾಣೆಯ ಹಕ್ಕು, ಭೂ ಪರಿವರ್ತನೆ, ಮರಗಳ ಹಕ್ಕು, ಇವನ್ನು ಕಂದಾಯ, ಅರಣ್ಯ ಇಲಾಖೆಗಳಲ್ಲಿ ಕೇಳಿ, ಕುಟುಂಬದವರೆಲ್ಲರ ಒಪ್ಪಿಗೆ ಬರಹದಲ್ಲಿ ಆದ ಮೇಲೆಯೇ ಒಂದು ಗುದ್ದಲಿ ಮಣ್ಣು ತೆಗೆಯಿರಿ.

ಈಗ ಮಾಡಬಹುದಾದ ಕೆಲಸ ಹೇಳುತ್ತೇನೆ. ತೋಟದ ಮನೆಯಲ್ಲಿ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಹಳೆಯ ಮಳೆ ಪುಸ್ತಕ ಇರುತ್ತದೆ, ಅದನ್ನು ಹುಡುಕಿ, ಒಂದೇ ದಿನ ಅತಿ ಹೆಚ್ಚು ಬಿದ್ದ ಲೆಕ್ಕ ಬರೆದುಕೊಳ್ಳಿ. ನೆಲದ ಏರಿಳಿತ ತೋರಿಸುವ, ಒಂದು ಮೀಟರ್ ಅಂತರದ ಕಾಂಟೂರ್ ನಕ್ಷೆ ಮಾಡಿಸಿ. ಆಮೇಲೆ ಕಕ್ಕಡದಲ್ಲಿ, ಮಳೆ ಹಿಡಿದು ಮೂರನೇ ದಿನ, ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು, ಆ ನಕ್ಷೆ ಹಿಡಿದು ಇಡೀ ಜಾಗ ನಡೆಯಿರಿ. ಜೊತೆಗೆ ಅಲ್ಲಿ ಬಹಳ ವರ್ಷ ದುಡಿದ ಹಿರಿಯರೊಬ್ಬರು ಇರಲಿ. ನೀರು ಹರಿಯುವಲ್ಲೆಲ್ಲ ನೀಲಿ ಗೂಟ, ನಿಲ್ಲುವಲ್ಲೆಲ್ಲ ಕೆಂಪು ಗೂಟ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬ ಕಳೆದು ಬಿಸಿಲು ಬಿದ್ದಾಗ ಮತ್ತೆ ಹೋಗಿ, ಕೆಂಪು ಗೂಟ ಇಲ್ಲದ, ಗದ್ದೆ ಕಡೆಗೆ ಓರೆಯಾಗಿ ಇಳಿದ ಏಣು ಎಲ್ಲಿದೆ ಎಂದು ನೋಡಿ. ಸಿಕ್ಕಿದರೆ ಅದರ ಬಲ ಹೆಗಲ ಮೇಲೆ ಒಂದು ಬಿಳಿ ಗೂಟ ಹೊಡೆಯಿರಿ. ನಿಮ್ಮ ರೆಡಾನ್‌ನಲ್ಲಿ ಚೆಂಡು ಬೀಳಬೇಕಾದ ಜಾಗ ಅದು.