ಭತ್ತದ ಹೊಟ್ಟು ಬಿದ್ದ ಕಣ್ಣು: ಡ್ರಾಪ್ಸ್ ಬದಲಿಸುವ ಮುಂಚೆ ಇದನ್ನು ಓದಿ

ಅಪ್ಪನ ಕಣ್ಣಿಗೆ ಭತ್ತದ ಹೊಟ್ಟು ಬಿದ್ದು ವಾರ ಆಯ್ತು, ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿದರೂ ಕೆಂಪು ಇಳಿದಿಲ್ಲ, ಈಗ ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಕಾಣುತ್ತಿದೆ ಅಂದಿರಲ್ಲ, ಇದು ಮದ್ರಾಸ್ ಐ ಥರ ಕಾಣುತ್ತಿಲ್ಲ. ಕಾರ್ನಿಯಾದಲ್ಲಿ, ಅಂದರೆ ಕಪ್ಪುಗುಡ್ಡೆ ಮೇಲಿನ ಪಾರದರ್ಶಕ ಪದರದಲ್ಲಿ, ಹುಣ್ಣಾಗಿರಬಹುದು, ಅದೂ ಫಂಗಸ್‌ನಿಂದ. ಹೊಲದಲ್ಲಿ ದುಡಿಯುವವರಿಗೆ ಇದು ಜಾಸ್ತಿ. ಆ ಬಾಟಲಿ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಇದೆಯಾ ನೋಡಿ. ಅವು ಸ್ಟೀರಾಯ್ಡ್, ಉರಿ ಇಳಿದಂತೆ ಅನ್ನಿಸುತ್ತದೆ, ಒಳಗೆ ಫಂಗಸ್ ಹಬ್ಬುತ್ತಲೇ ಇರುತ್ತದೆ. ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಬಾಟಲಿಯೂ ಜೊತೆಗಿರಲಿ. ಹುಣ್ಣನ್ನು ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ (ಮೊದಲು ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ, ಅಪ್ಪ ಸುಮ್ನೆ ಹೆದರುವುದು ಬೇಡ). ಫಂಗಸ್ ಅಂತಾದರೆ ಸಾಮಾನ್ಯವಾಗಿ 5% ನಟಾಮೈಸಿನ್ ಅನ್ನುವ ಫಂಗಸ್ ಕೊಲ್ಲುವ ಡ್ರಾಪ್ಸ್ ಕೊಡುತ್ತಾರೆ, ಶುರುವಿನಲ್ಲಿ ಗಂಟೆಗೊಮ್ಮೆ. ವಾರಗಟ್ಟಲೆ ಹಾಕಬೇಕಾಗುತ್ತದೆ. ಸೊಪ್ಪಿನ ರಸ, ಎದೆಹಾಲು ಬಿಡುವುದು ಮಾತ್ರ ಬೇಡವೇ ಬೇಡ.