ಕಸ ಸಾಗಿಸುವ ಕಂಪನಿಯ ಗುತ್ತಿಗೆದಾರರ ಬಳಿ ಜೀತ ಇಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಶಿವಮೊಗ್ಗದಲ್ಲಿ ಕಸ ಸಾಗಿಸುವ ಕಂಪನಿ ನಿಮ್ಮದು, ಬೇರ್ಪಡಿಸುವ ಕೆಲಸ ಬೇರೆ ಗುತ್ತಿಗೆದಾರನದು, ಅಲ್ಲಿ ಜೀತ ಇಲ್ಲ ಅಂತ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ.

ಮೊದಲು ಮುಂಗಡದ ಲೆಕ್ಕ ನೋಡಿ. ನಮ್ಮ ಮಳೆಗಾಲದಲ್ಲಿ ರಟ್ಟು, ಪೇಪರ್ ನೆನೆದರೆ ಗುಜರಿಯವರು ರೇಟ್ ಇಳಿಸುತ್ತಾರೆ. ತೂಕದ ಮೇಲೆ ಕೂಲಿ ಪಡೆಯುವವರು ಆಗ ಮೇಸ್ತ್ರಿ ಹತ್ತಿರ ಸಾಲ ಮಾಡುತ್ತಾರೆ. ಸಾಲ ತೀರುವವರೆಗೆ ಕೆಲಸ ಬಿಡುವಂತಿಲ್ಲ ಎಂದರೆ ಅದು ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಇದಕ್ಕೆ 3 ವರ್ಷದವರೆಗೆ ಜೈಲು. ಅಂಥ ಸಾಲ ತೀರಿಸಬೇಕಾಗಿಯೂ ಇಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಗುತ್ತಿಗೆದಾರ ಸಹಿ ಹಾಕಿಕೊಟ್ಟ ಕಾಗದ ನಂಬಿ ಕೂರಬೇಡಿ. ಹೇಳದೆ ಶೆಡ್ಡಿಗೆ ಹೋಗಿ. ಮೇಸ್ತ್ರಿ ಇಲ್ಲದಾಗ ಕೆಲಸದವರನ್ನು ಅವರ ಭಾಷೆಯಲ್ಲೇ ಮಾತಾಡಿಸಿ. ಆಧಾರ್, ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ ಅಂತ ಕೇಳಿ. ಸಂಬಳ ಬ್ಯಾಂಕಿಗೇ ಬಿದ್ದರೂ ಕಾರ್ಡ್ ಮೇಸ್ತ್ರಿ ಜೇಬಿನಲ್ಲಿದ್ದರೆ ಏನು ಬಂತು? ಹಬ್ಬಕ್ಕೆ ಊರಿಗೆ ಹೋಗಬೇಕಾದರೆ ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು ಹೋಗು ಅನ್ನುತ್ತಾರಾ, ಅದನ್ನೂ ವಿಚಾರಿಸಿ.

ನೀವು ಕೊಡುವ ರೇಟ್ ಕೂಡ ನೋಡಿಕೊಳ್ಳಿ. ಕನಿಷ್ಠ ಕೂಲಿಯೂ ಗಿಟ್ಟದ ರೇಟಿಗೆ ಗುತ್ತಿಗೆ ಕೊಟ್ಟರೆ ತಪ್ಪು ಅವನೊಬ್ಬನದಲ್ಲ, ಅಲ್ವಾ?

ಜೀತ ಕಂಡುಬಂದರೆ ಗುತ್ತಿಗೆ ಸುಮ್ನೆ ರದ್ದು ಮಾಡಿ ಕೈ ತೊಳೆದುಕೊಳ್ಳಬೇಡಿ, ಕೆಲಸದವರು ಬೀದಿಗೆ ಬೀಳುತ್ತಾರೆ. ಮೊದಲು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ತಿಳಿಸಿ. ಬಿಡುಗಡೆ ಪತ್ರ, ಪುನರ್ವಸತಿ ಹಣ ಅವರ ಮೂಲಕವೇ ಆಗಬೇಕು. ದುಡಿಯುವವರಲ್ಲಿ ಮಕ್ಕಳಿದ್ದರೆ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.